ವಾಹನ ಪ್ರಶ್ನೋತ್ತರ: ಡ್ರಿಫ್ಟ್ ಮಾಡುವ ಪಿಕಪ್, ಸವೆಯುವ ಗೇರ್‌ಬಾಕ್ಸ್

ಭಾರದ ಪಿಕಪ್ ವಾಹನಗಳನ್ನು ಬೇಕೆಂದೇ ಅಡ್ಡಡ್ಡ ಜಾರಿಸಿ ಓಡಿಸುವ, ಅಂದರೆ ಡ್ರಿಫ್ಟ್ ಮಾಡುವ ವಿಚಾರವಾಗಿ ಈ ಸಲ ಹಲವು ಓದುಗರು ಬರೆದಿದ್ದಾರೆ. ಪ್ರಶ್ನೆಗಳು ಬೇರೆಬೇರೆಯಾದರೂ ಎಲ್ಲವೂ ಕೊನೆಗೆ ಮ್ಯಾನುವಲ್ ಗೇರ್‌ಬಾಕ್ಸಿನ ಬಾಳಿಕೆಗೇ ಬಂದು ನಿಲ್ಲುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತೋಟದಲ್ಲಿ 6 ಗೇರುಗಳ ಮ್ಯಾನುವಲ್ ಡೀಸೆಲ್ ಪಿಕಪ್ ಇದೆ. ಕಾಫಿ ಕಣ ಖಾಲಿ ಇರುವ ಮಳೆಗಾಲದಲ್ಲಿ ಮಗ ಅಲ್ಲಿ ಗಾಡಿಯನ್ನು ಡ್ರಿಫ್ಟ್ ಮಾಡುತ್ತಾನೆ. ಚಕ್ರ ಜಾರುತ್ತಿರುವಾಗ ಗೇರ್‌ಬಾಕ್ಸಿನ ಮೇಲೆ ಭಾರವೇ ಬೀಳುವುದಿಲ್ಲ, ಸವೆಯುವುದು ಟೈರು ಮಾತ್ರ ಎಂಬುದು ಅವನ ವಾದ. ಆದರೆ ಈಚೆಗೆ ಎರಡರಿಂದ ಮೂರನೆಯ ಗೇರಿಗೆ ಹಾಕುವಾಗ ಕರ್ರೆಂಬ ಸದ್ದು ಬರುತ್ತಿದೆ. ಅವನ ಮಾತು ಸರಿಯೇ?
— ಓದುಗರು, ಸಕಲೇಶಪುರ

ಉತ್ತರ: ನಿಮ್ಮ ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ನೀವು ಮೊದಲು ಒಪ್ಪಿಕೊಂಡರೆ ಉಳಿದರ್ಧವನ್ನು ಅವನಿಗೆ ತಿಳಿಸಿ ಹೇಳುವುದು ಸುಲಭವಾಗುತ್ತದೆ. ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಗೇರಿನ ಹಲ್ಲುಗಳ ಮೇಲೆ ಒಂದೇ ಸಮನೆ ಬೀಳುವ ತಿರುಚುಬಲ, ಅಂದರೆ ಟಾರ್ಕ್, ಹಿಂದಿನ ಟೈರುಗಳು ನೆಲವನ್ನು ಹಿಡಿದಿರುವ ಮಟ್ಟವನ್ನು ಮೀರಿ ಹೋಗಲಾರದು. ಮೀರುವಷ್ಟರಲ್ಲಿ ಟೈರು ಜಾರಿಬಿಡುತ್ತದೆ. ಒಂದು ಅಂದಾಜು ಲೆಕ್ಕ ಹಾಕೋಣ. ಖಾಲಿ ಪಿಕಪ್‌ನ ಹಿಂದಿನ ಆಕ್ಸಲ್ ಮೇಲೆ 900 ಕಿಲೋ ಭಾರವಿದೆ, ಟೈರಿನ ತ್ರಿಜ್ಯ 0.38 ಮೀಟರ್, ಡಿಫರೆನ್ಷಿಯಲ್ಲಿನ ಅನುಪಾತ 4, ಎರಡನೆಯ ಗೇರಿನ ಅನುಪಾತ 2.3 ಎಂದಿಟ್ಟುಕೊಳ್ಳಿ. ಒಣಗಿದ ಕಾಂಕ್ರೀಟ್ ಕಣದಲ್ಲಿ ಘರ್ಷಣೆಯ ಗುಣಾಂಕ 0.8ರಷ್ಟಿದ್ದರೆ, ಚಕ್ರಗಳು ಜಾರುವಾಗ ಗೇರ್‌ಬಾಕ್ಸಿಗೆ ಎಂಜಿನ್ ಕಡೆಯಿಂದ ಬರುವ ಟಾರ್ಕ್ ಸುಮಾರು 290 ನ್ಯೂಟನ್ ಮೀಟರ್ ಆಗುತ್ತದೆ. ಅದೇ ಕಣ ಮಳೆಗೆ ಪಾಚಿಗಟ್ಟಿ ಗುಣಾಂಕ 0.3ಕ್ಕೆ ಇಳಿದರೆ 110 ನ್ಯೂಟನ್ ಮೀಟರ್ ಸಾಕು. ಇಂದಿನ ಡೀಸೆಲ್ ಪಿಕಪ್‌ಗಳ ಗೇರ್‌ಬಾಕ್ಸುಗಳನ್ನು 350ರಿಂದ 420 ನ್ಯೂಟನ್ ಮೀಟರ್ ಹೊರುವಂತೆ ರೂಪಿಸಿರುವುದರಿಂದ, ಪಾಚಿಯ ಮೇಲೆ ಚಕ್ರ ಸುಮ್ಮನೆ ಸುತ್ತುತ್ತಿರುವಷ್ಟು ಹೊತ್ತು ಗೇರ್‌ಬಾಕ್ಸಿಗೆ ನಿಜವಾಗಿಯೂ ಹೆಚ್ಚಿನ ಕಷ್ಟವಿಲ್ಲ.

ಕಷ್ಟ ಶುರುವಾಗುವುದು ಜಾರಿದ ಚಕ್ರ ಮತ್ತೆ ನೆಲವನ್ನು ಹಿಡಿಯುವ ಗಳಿಗೆಯಲ್ಲಿ. ಕಣವೆಂಬುದು ಎಲ್ಲ ಕಡೆ ಒಂದೇ ಸಮ ಜಾರುವುದಿಲ್ಲ. ಪಾಚಿಯ ಪಟ್ಟೆಯ ಪಕ್ಕದಲ್ಲೇ ಒರಟು ಕಾಂಕ್ರೀಟ್ ಇರುತ್ತದೆ, ಅಂಚಿನಲ್ಲಿ ಮಣ್ಣು ಇರುತ್ತದೆ. ಗಾಡಿ ಓಡುವ ವೇಗಕ್ಕಿಂತ ಇಮ್ಮಡಿ ವೇಗದಲ್ಲಿ ಸುತ್ತುತ್ತಿರುವ ಟೈರು ಆ ಒರಟು ಜಾಗಕ್ಕೆ ಬಂದಾಗ 110ರಲ್ಲಿದ್ದ ಟಾರ್ಕ್ ಕ್ಷಣಾರ್ಧದಲ್ಲಿ 290ಕ್ಕೆ ಏರಬೇಕಾಗುತ್ತದೆ. ಹೀಗೆ ಥಟ್ಟನೆ ಬಿದ್ದ ಹೊರೆಗೆ ಶಾಫ್ಟುಗಳು ಸ್ಪ್ರಿಂಗಿನಂತೆ ತಿರುಚಿಕೊಂಡು, ನಿಲ್ಲಬೇಕಾದ ಮಟ್ಟವನ್ನು ದಾಟಿ ಹೋಗಿ ಹಿಂದಕ್ಕೆ ಬರುತ್ತವೆ. ತಡೆಯುವಂಥದ್ದು ಏನೂ ಇಲ್ಲದಿದ್ದರೆ ಏರಿಕೆಯ ಎರಡು ಪಟ್ಟಿನವರೆಗೂ ಹೋಗಬಲ್ಲವು. ಅಂದರೆ 180ರ ಏರಿಕೆ 360 ಆಗಿ, ಶಿಖರದಲ್ಲಿ ಟಾರ್ಕ್ 470ನ್ನು ಮುಟ್ಟುತ್ತದೆ. ನಿಮ್ಮ ಮಗ ಎಂಜಿನ್ನಿನ ಪೂರ್ಣ ಬಲವನ್ನು ಬಳಸದೆಯೇ, ಗೇರ್‌ಬಾಕ್ಸ್ ಹೊರಬೇಕಾದುದಕ್ಕಿಂತ ಹೆಚ್ಚಿನ ಹೊರೆಯನ್ನು ಅದರ ಮೇಲೆ ಹೇರಿದಂತಾಯಿತು.

ಪಿಕಪ್‌ನಲ್ಲಿ ಇದನ್ನು ಇನ್ನಷ್ಟು ಕೆಡಿಸುವುದು ಅದರ ಹಿಂಭಾಗದ ರಚನೆ. ಹೊರೆ ಹೊರುವ ಸಲುವಾಗಿ ಬಹುತೇಕ ಪಿಕಪ್‌ಗಳ ಹಿಂಬದಿಗೆ ಒಂದೇ ತುಂಡಿನ ಗಟ್ಟಿ ಆಕ್ಸಲನ್ನು, ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗುಗಳ ಮೇಲೆ ಕೂರಿಸಿರುತ್ತಾರೆ. ಜೋರಾಗಿ ಟಾರ್ಕ್ ಬಿದ್ದಾಗ ಆಕ್ಸಲ್ ತಾನೂ ಹಿಂದಕ್ಕೆ ತಿರುಗಲು ಹೋಗಿ ಈ ಪಟ್ಟಿಗಳನ್ನು ಡೊಂಕಾಗಿಸುತ್ತದೆ. ಟೈರು ಜಾರಿದೊಡನೆ ಪಟ್ಟಿಗಳು ಸೆಟೆದು ನೇರವಾಗುತ್ತವೆ, ಟೈರು ಮತ್ತೆ ಹಿಡಿಯುತ್ತದೆ, ಮತ್ತೆ ಡೊಂಕಾಗುತ್ತವೆ. ಡ್ರಿಫ್ಟಿನ ನಡುವೆ ಹಿಂದಿನಿಂದ ಧಡಧಡನೆ ಕುಪ್ಪಳಿಸುವ ಅನುಭವವಾಗುವುದು ಇದರಿಂದಲೇ. ಆಕ್ಸಲ್ ಮೇಲಕ್ಕೆ ಎಗರಿದಾಗ ಟೈರಿಗೆ ಹಿಡಿತವೇ ಇರುವುದಿಲ್ಲ, ಕೆಳಕ್ಕೆ ಬಿದ್ದಾಗ 900 ಕಿಲೋಗಿಂತ ಎಷ್ಟೋ ಹೆಚ್ಚು ಭಾರದಿಂದ ನೆಲಕ್ಕೆ ಒತ್ತುತ್ತದೆ. ಪ್ರತಿ ಕುಪ್ಪಳಿಕೆಯಲ್ಲೂ ಗೇರಿನ ಹಲ್ಲುಗಳ ನಡುವೆ ಇರುವ ಕೂದಲೆಳೆಯಷ್ಟು ಸಡಿಲಿಕೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮುಚ್ಚಿಕೊಳ್ಳುತ್ತದೆ. ಹಲ್ಲು ಹಲ್ಲಿನ ಮೇಲೆ ಸುತ್ತಿಗೆಯಂತೆ ಬಡಿಯುತ್ತದೆ. ಗೇರಿನ ಹಲ್ಲುಗಳ ಹೊರಪದರವನ್ನು ಇಂಗಾಲ ಊಡಿಸಿ ಬಹಳ ಗಡುಸಾಗಿಸಿರುತ್ತಾರೆ, ಒಳತಿರುಳು ಮೆದುವಾಗಿರುತ್ತದೆ. ಮತ್ತೆ ಮತ್ತೆ ಇಂಥ ಬಡಿತ ಬಿದ್ದರೆ ಹಲ್ಲಿನ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ, ಮೈಮೇಲಿನ ಗಡುಸು ಪದರ ಚೂರುಚೂರಾಗಿ ಎದ್ದು ಸಣ್ಣ ಗುಳಿಗಳು ಬೀಳುತ್ತವೆ. ಒಂದು ದಿನದ ಆಟದಲ್ಲಿ ಇದು ಹೊರಗೆ ಕಾಣದು. ಒಳಗೆ ಉಳಿದ ಹಾನಿ ಮಾತ್ರ ಮುಂದಿನ ಸಲದ ಹಾನಿಯೊಂದಿಗೆ ಕೂಡುತ್ತಲೇ ಹೋಗುತ್ತದೆ.

ಇನ್ನು ನೀವು ಕೇಳುತ್ತಿರುವ ಕರ್ರೆಂಬ ಸದ್ದು. ಗೇರ್ ಬದಲಾಗುವ ಮೊದಲು ಎರಡು ಭಾಗಗಳ ವೇಗವನ್ನು ಸರಿದೂಗಿಸುವ ಕೆಲಸ ಸಿಂಕ್ರೊನೈಸರ್ ರಿಂಗಿನದು. ಸಾಮಾನ್ಯವಾಗಿ ಹಿತ್ತಾಳೆಯದಾದ ಈ ಉಂಗುರ ಗೇರಿನ ಇಳಿಜಾರು ಮೈಯನ್ನು ಉಜ್ಜಿ, ಅದರ ಜೊತೆಗೇ ಎಂಜಿನ್ ಕಡೆಯ ಕೌಂಟರ್ ಶಾಫ್ಟ್, ಇನ್‌ಪುಟ್ ಶಾಫ್ಟ್ ಮತ್ತು ಕ್ಲಚ್ ಪ್ಲೇಟುಗಳ ವೇಗವನ್ನು ಚಕ್ರದ ಕಡೆಯ ವೇಗಕ್ಕೆ ತಂದ ಮೇಲೆಯೇ ಸ್ಲೀವ್, ಅಂದರೆ ಗೇರನ್ನು ಶಾಫ್ಟಿಗೆ ಬಿಗಿಯುವ ಹಲ್ಲುಗಳ ಬಳೆ, ಒಳಗೆ ಸರಿಯಬೇಕು. ರಸ್ತೆಯಲ್ಲಿ ಸಾಮಾನ್ಯವಾಗಿ ಓಡಿಸುವಾಗ ಚಕ್ರದ ವೇಗ ಆ ಅರ್ಧ ಸೆಕೆಂಡಿನಲ್ಲಿ ಹೆಚ್ಚು ಬದಲಾಗುವುದಿಲ್ಲ. ಡ್ರಿಫ್ಟಿನಲ್ಲಾದರೋ ಕ್ಲಚ್ ಒತ್ತಿದ ಕೂಡಲೇ ಸುತ್ತುತ್ತಿದ್ದ ಚಕ್ರ ನೆಲದ ವೇಗಕ್ಕೆ ಧೊಪ್ಪನೆ ಇಳಿಯುತ್ತದೆ. ರಿಂಗು ಮುಟ್ಟಬೇಕಾದ ಗುರಿಯೇ ಅದರ ಕೈಯಿಂದ ಜಾರಿ ಇನ್ನೂ ಕೆಳಕ್ಕೆ ಹೋಗುತ್ತದೆ. ವೇಗದ ವ್ಯತ್ಯಾಸ ಎರಡು ಪಟ್ಟಾದರೆ ರಿಂಗಿನ ಮೇಲೆ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ಪಿಕಪ್‌ನ ಕ್ಲಚ್ ಪ್ಲೇಟು, ಗೇರುಗಳು ದೊಡ್ಡವು, ಭಾರವಾದವು; ಅವುಗಳ ವೇಗವನ್ನು ತಗ್ಗಿಸಲು ಚಿಕ್ಕ ಕಾರಿನಲ್ಲಿರುವುದಕ್ಕಿಂತ ಹೆಚ್ಚು ಶ್ರಮ ಬೇಕು. ಅವಸರದಲ್ಲಿ ಲಿವರನ್ನು ಜಗ್ಗಿದರೆ ಉಂಗುರದ ಒಳಮೈಯ ಸಣ್ಣ ಗೀರುಗಳು ನುಣುಪಾಗಿ, ಅದು ಹಿಡಿಯುವುದನ್ನೇ ಬಿಡುತ್ತದೆ.

ಗೇರ್‌ಬಾಕ್ಸ್ ಇಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರಲಿ, ನಿಂತಲ್ಲೇ ಕ್ಲಚ್ಚನ್ನು ಪೂರ್ತಿ ಒತ್ತಿ ಕೆಲವು ಸೆಕೆಂಡು ಕಾದು ರಿವರ್ಸ್ ಹಾಕಿ. ಆಗಲೂ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ ಎಂದರ್ಥ. ಕ್ಲಚ್ಚಿನ ಆಯಿಲ್, ಅದರ ಪೈಪಿನಲ್ಲಿರುವ ಗಾಳಿ, ಸಿಲಿಂಡರುಗಳನ್ನು ನೋಡಿಸಿದರೆ ಸಾಕಾಗಬಹುದು. ರಿವರ್ಸ್ ಸಲೀಸಾಗಿ ಬಿದ್ದು ಮೂರನೆಯದು ಮಾತ್ರ ಕಿರುಗುಟ್ಟಿದರೆ ಮೂರನೆಯ ಗೇರಿನ ರಿಂಗ್ ಸವೆದಿದೆ ಎಂದು ಬಹುಮಟ್ಟಿಗೆ ನಂಬಬಹುದು. ಈ ಹಂತದಲ್ಲೇ ರಿಂಗ್ ಬದಲಿಸಿದರೆ ಖರ್ಚು ಭರಿಸಬಹುದಾದಷ್ಟೇ. ತಡ ಮಾಡಿದರೆ ಸ್ಲೀವಿನ ಮತ್ತು ಗೇರಿನ ಹಲ್ಲುಗಳ ಮೂತಿ ಮೊಂಡಾಗಿ ಆ ಭಾಗಗಳನ್ನೂ ಬದಲಿಸಬೇಕಾಗುತ್ತದೆ.

ಪ್ರಶ್ನೆ: ಟ್ರ್ಯಾಕಿನಲ್ಲಿ ಮಾತ್ರ ಪಿಕಪ್ ಡ್ರಿಫ್ಟ್ ಮಾಡುತ್ತೇನೆ. ಕ್ಲಚ್ ಪ್ಲೇಟು ಪದೇಪದೇ ಸುಡುತ್ತಿರುವುದರಿಂದ ಹೆವಿ ಡ್ಯೂಟಿ ಕ್ಲಚ್ ಹಾಕಿಸಿ, ಜೊತೆಗೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಟ್ಯೂನ್ ಮಾಡಿಸಿ 420 ನ್ಯೂಟನ್ ಮೀಟರ್ ಇರುವ ಟಾರ್ಕನ್ನು 525ಕ್ಕೆ ಏರಿಸುವ ಯೋಚನೆಯಿದೆ. ಗೇರ್‌ಬಾಕ್ಸ್ ತಡೆದೀತೇ?
— ಓದುಗರು, ಬೆಂಗಳೂರು

ಉತ್ತರ: ಟ್ರ್ಯಾಕಿಗೆ ಸೀಮಿತವಾಗಿರುವುದು ಸಂತೋಷ. ಸಾರ್ವಜನಿಕ ರಸ್ತೆಯಲ್ಲಿ ಇದು 1988ರ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನ ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ಬರುತ್ತದೆ, ಅದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ನಡೆದುಹೋಗುವವರ ಜೀವದ ಪ್ರಶ್ನೆ.

ನಿಮ್ಮ ಕ್ಲಚ್ ಏಕೆ ಸುಡುತ್ತಿದೆ ಎಂಬುದನ್ನು ಮೊದಲು ನೋಡಬೇಕು. ಚಕ್ರ ಜಾರದಿದ್ದಾಗ ಕ್ಲಚ್ ಒತ್ತಿ, ಎಂಜಿನ್ ವೇಗವನ್ನು ಏರಿಸಿ, ಪೆಡಲನ್ನು ಥಟ್ಟನೆ ಬಿಡುವುದನ್ನು ಡ್ರಿಫ್ಟ್ ಮಾಡುವವರು ಕ್ಲಚ್ ಕಿಕ್ ಎನ್ನುತ್ತಾರೆ. ಪ್ಲೇಟಿನ ಎರಡು ಕಡೆಯ ವೇಗಗಳ ನಡುವೆ 2,000 ಆರ್‌ಪಿಎಂ ವ್ಯತ್ಯಾಸವಿದ್ದು, ಅದು 400 ನ್ಯೂಟನ್ ಮೀಟರ್ ಟಾರ್ಕ್ ಸಾಗಿಸುತ್ತಿದ್ದರೆ ಆ ಗಳಿಗೆಯಲ್ಲಿ ಹುಟ್ಟುವ ಬಿಸಿ ಸುಮಾರು 84 ಕಿಲೋವಾಟ್. ಅದು ಅರ್ಧ ಸೆಕೆಂಡಿನ ಕೆಲಸವೇ ಇರಬಹುದು, ಆದರೆ ಒಂದು ಸುತ್ತಿನಲ್ಲಿ ಹತ್ತಾರು ಸಲ ನಡೆದಾಗ ಪ್ರೆಷರ್ ಪ್ಲೇಟಿಗೂ ಫ್ಲೈವೀಲಿಗೂ ತಣಿಯಲು ಬಿಡುವೇ ಸಿಗುವುದಿಲ್ಲ. ಖಾಲಿ ಪಿಕಪ್‌ಗೆ ಒಣ ನೆಲದಲ್ಲಿ 290 ನ್ಯೂಟನ್ ಮೀಟರ್ ಸಾಕೆಂದು ಮೇಲೆ ಲೆಕ್ಕ ಹಾಕಿದೆವು. ಹಿಂದೆ 500 ಕಿಲೋ ಹೊರೆ ಹಾಕಿದರೆ ಅದೇ ಲೆಕ್ಕ 450ನ್ನು ದಾಟುತ್ತದೆ, ಎಂಜಿನ್ ನೇರವಾಗಿ ಕೊಡುವ ಟಾರ್ಕ್ ಸಾಲದಾಗುತ್ತದೆ. ಆದ್ದರಿಂದ ಹೊರೆ ಹೊತ್ತ ಗಾಡಿಯನ್ನು ಜಾರಿಸಲು ಹೋದವರು ಅನಿವಾರ್ಯವಾಗಿ ಕ್ಲಚ್ ಕಿಕ್ಕಿಗೆ ಇಳಿಯುತ್ತಾರೆ, ಗೇರ್‌ಬಾಕ್ಸಿಗೆ ಅತಿ ಹೆಚ್ಚು ಏಟು ಬೀಳುವುದೂ ಆಗಲೇ. ಫ್ಲೈವೀಲ್ ಕೂಡಿಟ್ಟುಕೊಂಡ ವೇಗವೆಲ್ಲ ಒಮ್ಮೆಗೇ ಒಳಕ್ಕೆ ನುಗ್ಗುತ್ತದೆ. ಎದುರಿಗೆ ಟೈರಿನ ಹಿಡಿತ ಮಾತ್ರವಲ್ಲ, ಭಾರವಾದ ಚಕ್ರಗಳ ಜಡತ್ವವೂ ಇರುತ್ತದೆ.

ಆ ಏಟಿಗೆ ಇಂದು ನಿಮ್ಮ ಗಾಡಿಯಲ್ಲಿ ಇರುವ ತಡೆ ಕ್ಲಚ್ ಒಂದೇ. ಕಂಪನಿಯ ಕ್ಲಚ್ ಎಂಜಿನ್ನಿನ ಗರಿಷ್ಠ ಟಾರ್ಕಿಗಿಂತ ಸ್ವಲ್ಪ ಹೆಚ್ಚನ್ನಷ್ಟೇ ಹಿಡಿಯುವಂತೆ ಇರುತ್ತದೆ, ಅದನ್ನು ಮೀರಿದರೆ ಜಾರುತ್ತದೆ. ಜಾರಿ ಸುಟ್ಟದ್ದರಿಂದಲೇ ನಿಮ್ಮ ಗೇರುಗಳು ಇಲ್ಲಿಯವರೆಗೆ ಉಳಿದಿವೆ. ಅದರ ಜಾಗದಲ್ಲಿ ಇಮ್ಮಡಿ ಹಿಡಿಯುವ ಕ್ಲಚ್ ಕೂರಿಸಿದರೆ, ಪ್ಲೇಟಿನಲ್ಲಿ ಬಿಸಿಯಾಗಿ ಕಳೆದುಹೋಗುತ್ತಿದ್ದ ಏಟು ಇನ್‌ಪುಟ್ ಶಾಫ್ಟಿಗೆ, ಎರಡನೆಯ ಗೇರಿನ ಹಲ್ಲಿಗೆ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸಿಗೆ ಹಾಗೆಯೇ ದಾಟುತ್ತದೆ. ಕ್ಲಚ್ ಪ್ಲೇಟು ಗೇರ್‌ಬಾಕ್ಸಿಗಿಂತ ಬಹಳ ಅಗ್ಗ. ನಾನಾದರೆ ಪ್ಲೇಟನ್ನೇ ಬದಲಿಸುತ್ತ ಹೋಗುತ್ತೇನೆ.

ಟಾರ್ಕ್ ಏರಿಸುವ ವಿಚಾರದಲ್ಲಿ ಒಂದು ಸಂಗತಿಯನ್ನು ಗಮನಿಸಿ. ಭಾರತದಲ್ಲಿ 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ಎಂಜಿನ್ ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಂದಿಗೆ 500 ನ್ಯೂಟನ್ ಮೀಟರ್ ಕೊಡುತ್ತದೆ, ಮ್ಯಾನುವಲ್ ಗೇರ್‌ಬಾಕ್ಸಿನೊಂದಿಗೆ 420 ಮಾತ್ರ. ಎಂಜಿನ್ ಅದೇ, ಅಶ್ವಶಕ್ತಿಯೂ ಅದೇ. ತಯಾರಕರೇ ಎರಡು ಗೇರ್‌ಬಾಕ್ಸುಗಳಿಗೆ ಎರಡು ಮಿತಿಗಳನ್ನು ಇಟ್ಟಿರುವಾಗ ಅದನ್ನು ಸಾಫ್ಟ್‌ವೇರಿನಿಂದ ಅಳಿಸಿಹಾಕುವುದು ವಿವೇಕವಲ್ಲ. ಬಾಲ್ ಬೇರಿಂಗಿನ ಬಾಳಿಕೆ ಹೊರೆಯ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬುದು ಎಂಜಿನಿಯರಿಂಗಿನ ಮೂಲ ಪಾಠಗಳಲ್ಲೊಂದು. 420ರಿಂದ 525ಕ್ಕೆ ಹೋದರೆ ಹೊರೆ ಹೆಚ್ಚುವುದು ಕಾಲು ಭಾಗ, ಬೇರಿಂಗಿನ ಬಾಳಿಕೆ ಇಳಿಯುವುದು ಅರ್ಧಕ್ಕೆ. ಹೊರೆ ಎರಡು ಪಟ್ಟಾದರೆ ಬಾಳಿಕೆ ಎಂಟರಲ್ಲಿ ಒಂದು ಪಾಲು. ಬೇರಿಂಗ್ ಸಡಿಲವಾದರೆ ಶಾಫ್ಟುಗಳು ಒಂದನ್ನೊಂದು ದೂರ ತಳ್ಳುತ್ತವೆ, ಹಲ್ಲುಗಳು ಪೂರ್ತಿ ಅಗಲಕ್ಕೆ ಕೂಡದೆ ಅಂಚಿನಲ್ಲಷ್ಟೇ ಕಚ್ಚುತ್ತವೆ, ಅಲ್ಲಿಂದ ಮುಂದಿನ ಸವೆತ ಬಹಳ ಬೇಗ ಸಾಗುತ್ತದೆ. ಡ್ರಿಫ್ಟಿನಲ್ಲಿ ಹೆಚ್ಚಿನ ಹೊತ್ತು ಎರಡು ಅಥವಾ ಮೂರನೆಯ ಗೇರಿನಲ್ಲೇ ಕಳೆಯುವುದರಿಂದ ಈ ಹಾನಿಯೆಲ್ಲ ಒಂದೆರಡು ಜೋಡಿ ಗೇರುಗಳ ಮೇಲೇ ಬಂದು ಕೂರುತ್ತದೆ.

ಜಪಾನಿನ ಬೆಟ್ಟದ ರಸ್ತೆಗಳಲ್ಲಿ ಈ ಆಟ ಬೆಳೆದದ್ದು ಹಗುರ ಕಾರುಗಳಿಂದ ಎಂಬುದನ್ನೂ ನೆನೆಯಬೇಕು. 1983ರಲ್ಲಿ ಬಂದ, ಡ್ರಿಫ್ಟ್ ಪ್ರಿಯರು ಇಂದಿಗೂ ಹುಡುಕುವ ಟೊಯೊಟಾ ಎಇ86 ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. ನಿಮ್ಮ ಪಿಕಪ್ ಖಾಲಿಯಿದ್ದಾಗಲೇ ಎರಡು ಟನ್ ದಾಟುತ್ತದೆ. ವೃತ್ತಿಪರ ಸ್ಪರ್ಧೆಗಳ ಬಲಶಾಲಿ ಕಾರುಗಳಲ್ಲಿ ಸಿಂಕ್ರೊನೈಸರ್ ಇಲ್ಲದ, ದಪ್ಪ ಹಲ್ಲುಗಳ ಡಾಗ್ ಗೇರ್‌ಬಾಕ್ಸುಗಳನ್ನು ಕೂರಿಸಿ, ಆಗಾಗ ಬಿಚ್ಚಿ ಪರೀಕ್ಷಿಸುತ್ತಾರೆ. ಹೊರೆ ಸಾಗಿಸಲೆಂದು ಮಾಡಿದ ಗೇರ್‌ಬಾಕ್ಸಿನಿಂದ ಅದೇ ಕೆಲಸವನ್ನು ನಿರೀಕ್ಷಿಸಲಾಗದು.

ಆದರೂ ಬಿಡುವುದಿಲ್ಲವೆಂದರೆ ಹೀಗೆ ಮಾಡಿ. ಟ್ರೇಯಲ್ಲಿ ಹೊರೆ ಇಡಬೇಡಿ, ಟ್ರ್ಯಾಕಿಗೆ ನೀರು ಹಾಕಿಸಿ. ಜಾರಿಕೆಯನ್ನು ಕ್ಲಚ್ ಕಿಕ್ಕಿನಿಂದ ಶುರುಮಾಡದೆ, ತಿರುವಿನಲ್ಲಿ ಕ್ಲಚ್ ಪೂರ್ತಿ ಒತ್ತಿ ಹ್ಯಾಂಡ್‌ಬ್ರೇಕ್ ಎಳೆದು ಶುರುಮಾಡಿ; ಕ್ಲಚ್ ಒತ್ತದೆ ಎಳೆದರೆ ಎಂಜಿನ್ನಿಗೂ ನಿಂತ ಚಕ್ರಕ್ಕೂ ನಡುವೆ ಸಿಕ್ಕಿಕೊಳ್ಳುವುದು ಗೇರ್‌ಬಾಕ್ಸೇ. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರ ತಿರುಗತೊಡಗಿದ ಮೇಲೆ ಪೆಡಲನ್ನು ಮೇಲಕ್ಕೆ ಬಿಡಿ. ಇಡೀ ಸುತ್ತನ್ನು ಒಂದೇ ಗೇರಿನಲ್ಲಿ ಮುಗಿಸಿ. ಹಿಂಬದಿ ಕುಪ್ಪಳಿಸಲು ಶುರುವಾದರೆ ಆ ಕ್ಷಣವೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಒಣ ನೆಲದಲ್ಲಿ ಫೋರ್ ವೀಲ್ ಹಾಕಲೇಬೇಡಿ. ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಮುಂದಿನ ಹಿಂದಿನ ಆಕ್ಸಲುಗಳು ಒಂದೇ ವೇಗಕ್ಕೆ ಬಿಗಿದುಕೊಳ್ಳುವುದರಿಂದ ತಿರುವಿನಲ್ಲಿ ಎರಡೂ ಆಕ್ಸಲುಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸೂ ತಿರುಚಿಕೊಳ್ಳುತ್ತದೆ.

ಪ್ರಶ್ನೆ: ಗೇರ್ ಆಯಿಲ್ ಬದಲಿಸುವಾಗ ಒಳಗಿನ ಸವೆತವನ್ನು ಗುರುತಿಸಬಹುದೇ?
— ಐಟಿಐ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಖಂಡಿತ. ಕಲಿಯುವವರು ರೂಢಿಸಿಕೊಳ್ಳಬೇಕಾದ ಒಳ್ಳೆಯ ಅಭ್ಯಾಸ ಅದು. ಗಾಡಿ ಸ್ವಲ್ಪ ಓಡಿ ಆಯಿಲ್ ಬೆಚ್ಚಗಾದ ಮೇಲೆ ಸ್ವಚ್ಛವಾದ ತಟ್ಟೆಗೆ ಇಳಿಸಿ. ಅಯಸ್ಕಾಂತವಿರುವ ಡ್ರೇನ್ ಪ್ಲಗ್ಗಾದರೆ ಅದರ ತುದಿಯಲ್ಲಿ ಕಾಡಿಗೆಯಂಥ ನುಣುಪಾದ ಬೂದುಗಪ್ಪು ಲೇಪ ಇರುತ್ತದೆ. ಬೆರಳುಗಳ ನಡುವೆ ತಿಕ್ಕಿದಾಗ ಏನೂ ತಗುಲದಿದ್ದರೆ ಅದು ಸಹಜ ಸವೆತ. ಸೂಜಿಯಂಥ ಚೂರು, ಉಗುರಿನಷ್ಟು ತೆಳ್ಳಗಿನ ಹಾಳೆ ಕಂಡರೆ ಹಲ್ಲಿನ ಅಥವಾ ಬೇರಿಂಗಿನ ಹೊರಪದರ ಏಳುತ್ತಿದೆ. ಹಿತ್ತಾಳೆಯನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಆದ್ದರಿಂದ ತಟ್ಟೆಯನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ಓಲಾಡಿಸಿ ನೋಡಿ. ಆಯಿಲಿನಲ್ಲಿ ಹೊಂಬಣ್ಣದ ಮಿಣುಕು ತೇಲಿದರೆ ಅದು ಸಿಂಕ್ರೊನೈಸರ್ ರಿಂಗಿನ ಪುಡಿ. ಸುಟ್ಟ ವಾಸನೆ ಬಂದು ಬಣ್ಣ ಕಪ್ಪಾಗಿದ್ದರೆ ಆಯಿಲ್ ಅತಿಯಾಗಿ ಕಾದಿದೆ.

ಹೊಸದನ್ನು ಹಾಕುವಾಗ ವಾಹನದ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಬೇಕು. ಜಿಎಲ್-4 ದರ್ಜೆಯ ಆಯಿಲ್ ಬೇಕಾದ ಕಡೆ, ಹೆಚ್ಚು ಒತ್ತಡ ತಡೆಯುತ್ತದೆಂದು ಡಿಫರೆನ್ಷಿಯಲ್ಲಿಗೆ ಹಾಕುವ ಜಿಎಲ್-5 ಸುರಿಯುವವರಿದ್ದಾರೆ. ಅದರಲ್ಲಿ ಹೆಚ್ಚಾಗಿರುವ ಗಂಧಕದ ಸಂಯುಕ್ತಗಳು ಹಿತ್ತಾಳೆಯನ್ನು ತಿನ್ನಬಲ್ಲವು, ರಿಂಗು ಉಜ್ಜಿ ಹಿಡಿಯುವುದಕ್ಕೂ ಅಡ್ಡಿಯಾಗಬಲ್ಲವು.

ಪ್ರಶ್ನೆ: ಇಲ್ಲಿ ಮರಳುಗಾಡಿಗೆ ಮ್ಯಾನುವಲ್ ಪಿಕಪ್ ಒಯ್ಯುತ್ತೇವೆ. ಮರಳಿನಲ್ಲಿ ಜಾರಿಸಿದರೂ ಇಷ್ಟೇ ಹಾನಿಯೇ?
— ಮಂಗಳೂರು ಮೂಲದ ಓದುಗರು, ಶಾರ್ಜಾ

ಉತ್ತರ: ಮರಳಿನಲ್ಲಿ ಹಿಡಿತ ಥಟ್ಟನೆ ಮರಳಿ ಬರುವುದಿಲ್ಲವಾದ್ದರಿಂದ ಹಲ್ಲುಗಳ ಮೇಲಿನ ಬಡಿತ ಕಡಿಮೆ. ಅಲ್ಲಿ ಸಾಯುವುದು ಕ್ಲಚ್. ಗಾಡಿ ಹೂತುಕೊಳ್ಳಲು ಶುರುವಾದಾಗ ಅರ್ಧ ಕ್ಲಚ್ಚಿನಲ್ಲಿ ಎಂಜಿನ್ ಏರಿಸುವುದನ್ನು ಬಿಡಿ, ಟೈರಿನ ಗಾಳಿಯನ್ನು 15ರಿಂದ 18 ಪಿಎಸ್‌ಐಗೆ ಇಳಿಸಿ, ಲೋ ರೇಂಜ್ ಹಾಕಿ. ಲೋ ರೇಂಜಿನ ಗೇರುಗಳು ಇರುವುದು ಗೇರ್‌ಬಾಕ್ಸಿನ ಆಚೆ, ಟ್ರಾನ್ಸ್‌ಫರ್ ಕೇಸಿನಲ್ಲಿ. ಚಕ್ರಕ್ಕೆ ಅಷ್ಟೇ ಟಾರ್ಕ್ ಸಿಕ್ಕರೂ ಗೇರ್‌ಬಾಕ್ಸಿನ ಮೇಲೂ ಕ್ಲಚ್ಚಿನ ಮೇಲೂ ಬೀಳುವ ಹೊರೆ ಸುಮಾರು ಎರಡೂವರೆ ಪಟ್ಟು ಇಳಿಯುತ್ತದೆ. ದಿಬ್ಬದಿಂದ ಗಟ್ಟಿ ನೆಲಕ್ಕೆ ಇಳಿಯುವಾಗ ಮಾತ್ರ ಚಕ್ರ ಜೋರಾಗಿ ಸುತ್ತುತ್ತಿರದಂತೆ ನೋಡಿಕೊಳ್ಳಿ.

ಪ್ರಶ್ನೆ: ಹಳೆಯ ಪಿಕಪ್ ಕೊಳ್ಳುವವನಿದ್ದೇನೆ. ಹಿಂದಿನವರು ಅದನ್ನು ಡ್ರಿಫ್ಟ್ ಮಾಡಿದ್ದಾರೆಯೇ ಎಂದು ತಿಳಿಯುವುದು ಹೇಗೆ?
— ಓದುಗರು, ಶಿವಮೊಗ್ಗ

ಉತ್ತರ: ಹೊಸ ಟೈರು ಹಾಕಿಸಿ ಗುರುತು ಮರೆಸಬಹುದು, ಆದ್ದರಿಂದ ಟೈರು ನೋಡಿ ನಿರ್ಧರಿಸಬೇಡಿ. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಕೆಳಗೆ ಹೋಗಿ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಕ್ರಾಸಿನಲ್ಲಿ ಟಕ್ಕೆಂಬ ಆಟ ಇರಕೂಡದು. ಲೀಫ್ ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿದಿರುವ ಯು ಬೋಲ್ಟುಗಳ ಪಕ್ಕದಲ್ಲಿ ಪಟ್ಟಿಗಳು ಸರಿದಾಡಿದ ಹೊಳಪು ಗೆರೆಯಿದೆಯೇ ಗಮನಿಸಿ. ಬಳಿಕ ಖಾಲಿ ರಸ್ತೆಯಲ್ಲಿ ಎರಡನೆಯ ಗೇರಿನಲ್ಲಿ 3,000 ಆರ್‌ಪಿಎಂವರೆಗೆ ಏರಿಸಿ ಆಕ್ಸಿಲರೇಟರನ್ನು ಒಮ್ಮೆಗೇ ಬಿಡಿ. ಲಿವರ್ ತಾನಾಗಿ ನ್ಯೂಟ್ರಲ್ಲಿಗೆ ಹಾರಿದರೆ ಸ್ಲೀವಿನ ಹಲ್ಲುಗಳೋ ಅದನ್ನು ಸರಿಸುವ ಫೋರ್ಕೋ ಸವೆದಿವೆ. ಮೂರನೆಯ ಗೇರಿನಲ್ಲೂ ಹೀಗೆಯೇ ಮಾಡಿ. ಕೊನೆಗೆ ನಿಂತಲ್ಲಿ ಎಂಜಿನ್ ಆರಿಸುವಾಗ ಗೇರ್‌ಬಾಕ್ಸಿನ ಮುಂಭಾಗದಿಂದ ಲೋಹ ಗಲಗಲ ಎಂದರೆ ಎರಡು ಭಾಗಗಳ ಡ್ಯುಯಲ್ ಮಾಸ್ ಫ್ಲೈವೀಲಿನ ಸ್ಪ್ರಿಂಗುಗಳು ಸೋತಿರುವ ಸಾಧ್ಯತೆ ಹೆಚ್ಚು. ಅದನ್ನು ಬದಲಿಸಲು ಗೇರ್‌ಬಾಕ್ಸನ್ನು ಇಳಿಸಲೇಬೇಕಾಗುವುದರಿಂದ ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತುಕತೆಗೆ ಕೂರಿ.